ಗುಂಡಿ ಅತ್ತೆಯ ಅಕ್ರೋಟು ಸುರುಳಿ

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ನನ್ನ ಬಾಗಿಲಿಗೆ ಎದುರುಬದುರಾಗಿ ಇದ್ದವರನ್ನು ಎಲ್ಲರೂ ಗುಂಡಿ ಅತ್ತೆ ಎಂದೇ ಕರೆಯುತ್ತಿದ್ದರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಂಗಿಗಳಿಗೆ ಗುಂಡಿ ಹೊಲಿದವರು ಅವರು. ಕೆಲಸ ಬಿಟ್ಟು ಹತ್ತು ವರ್ಷವಾದ ಮೇಲೂ ಕಾಲರಿನ ಹಿಂದೆ ದಾರ ಪೋಣಿಸಿದ ಸೂಜಿ ಇದ್ದೇ ಇರುತ್ತಿತ್ತು. ಮೆಟ್ಟಿಲ ಮೇಲೆ ಯಾರ ಅಂಗಿಯ ಗುಂಡಿ ಜೋತಾಡುತ್ತಿದ್ದರೂ ತಡೆದು ನಿಲ್ಲಿಸಿ, ಅಂಗಿ ಮೈಮೇಲಿರುವಾಗಲೇ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು ಕಳಿಸುತ್ತಿದ್ದರು. ಒಮ್ಮೆ ಕೆಳಮನೆಯವರಿಗೆ ಕೋರ್ಟಿನ ನೋಟಿಸ್ ತಂದ ಜವಾನನಿಗೂ ಹೀಗೆ ಮಾಡಿದರು. ಅವನು ಬಂದ ಕೆಲಸವನ್ನೇ ಮರೆತು, ಥ್ಯಾಂಕ್ಸ್ ಹೇಳಿ ಹೊರಟುಹೋದ ಎಂದು ಕಟ್ಟಡಕ್ಕೆ ಕಟ್ಟಡವೇ ವಾರವೆಲ್ಲ ನಕ್ಕಿತು.

ಅವರಿಗೆ ಹದಿನೇಳು ವರ್ಷವಾಗಿದ್ದಾಗ ಅಪ್ಪ ಹೋದರು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದರು. ಉಳಿದವನು ಒಂಬತ್ತು ವರ್ಷದ ತಮ್ಮ. ಅವನನ್ನು ಓದಿಸಿದ್ದು, ಜ್ವರ ಬಂದಾಗ ತಲೆಯ ಹತ್ತಿರ ಕುಳಿತದ್ದು, ಕೆಲಸಕ್ಕೆ ಅರ್ಜಿ ಬರೆಸಿದ್ದು ಎಲ್ಲ ಅಕ್ಕನೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ, ಅವನ ಓದು ಮುಗಿಯಲಿ ಎನ್ನುತ್ತಿದ್ದರಂತೆ. ಓದು ಮುಗಿಯುವ ಹೊತ್ತಿಗೆ ಮಾತು ತರುವವರೂ ಮುಗಿದಿದ್ದರು. ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ತಮ್ಮ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವನಾಗಿ ಸೇರಿ ಮೇಲ್ವಿಚಾರಕನಾದ. ಮದುವೆಯಾದ. ಎರಡು ಬೀದಿಯಾಚೆ ಮನೆ ಮಾಡಿದ. ಅವನ ಹೆಂಡತಿ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಅವರ ಒಬ್ಬಳೇ ಮಗಳನ್ನು ಚಿಕ್ಕಂದಿನ ವಟವಟಕ್ಕಾಗಿ ಗಿಣಿ ಎಂದು ಕರೆದದ್ದು ಹಾಗೇ ಉಳಿಯಿತು.

ಅತ್ತೆಗೆ ಹೆಸರು ತಂದದ್ದು ಗುಂಡಿಯಾದರೂ, ಅವರು ಜೀವ ಇಟ್ಟುಕೊಂಡದ್ದು ಅಕ್ರೋಟು ಸುರುಳಿಯಲ್ಲಿ. ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಅದನ್ನು ಕಲಿಸಿದ್ದರಂತೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಸಕ್ಕರೆ, ಈಸ್ಟು ಹಾಕಿ, ಅದು ನೊರೆಯೇಳುವುದನ್ನೇ ನೋಡುತ್ತ ನಿಲ್ಲುತ್ತಿದ್ದರು. ಆಮೇಲೆ ಮೈದಾ, ಬೆಣ್ಣೆ, ಮೊಟ್ಟೆಯ ಹಳದಿ ಸೇರಿಸಿ ಕಣಕ ನಾದುವುದು. ನಾದುವಾಗ ಮೇಜಿನ ಒಂದು ಕಾಲು ಟಕಟಕ ಎನ್ನುತ್ತಿದ್ದುದು ನನ್ನ ಮನೆಯೊಳಕ್ಕೂ ಕೇಳುತ್ತಿತ್ತು. ಕಣಕ ಕಂಬಳಿಯೊಳಗೆ ಉಬ್ಬುತ್ತ ಇರುವಾಗ ಅಕ್ರೋಟನ್ನು ಕೈಯಿಂದ ತಿರುಗಿಸುವ ಪುಟ್ಟ ಮಿಲ್ಲಿನಲ್ಲಿ ಪುಡಿ ಮಾಡಿ, ಹಾಲು, ಸಕ್ಕರೆ, ಚಕ್ಕೆಪುಡಿ, ನಿಂಬೆಸಿಪ್ಪೆಯ ತುರಿ ಹಾಕಿ ಹೂರಣ ಕಲಸುತ್ತಿದ್ದರು. ಉಬ್ಬಿದ ಕಣಕವನ್ನು ಮೇಜಿನಗಲದ ಬಿಳಿಬಟ್ಟೆಯ ಮೇಲೆ ಲಟ್ಟಿಸಿ, ಕೆಳಗಿನ ಬಟ್ಟೆಯ ಗೆರೆ ಕಾಣುವಷ್ಟು ತೆಳ್ಳಗೆ ಮಾಡಿ, ಅಂಚಿನವರೆಗೂ ಹೂರಣ ಬಳಿದು, ಬಟ್ಟೆಯ ಒಂದು ತುದಿ ಎತ್ತಿದರೆ ಅದು ತಾನಾಗಿಯೇ ಸುತ್ತಿಕೊಳ್ಳುತ್ತ ಬರುತ್ತಿತ್ತು. ಅದೊಂದನ್ನು ನೋಡಲೆಂದೇ ನಾನು ಕೆಲವು ಸಲ ಹೋಗಿ ನಿಂತದ್ದುಂಟು.

ಓವನ್ನಿಗೆ ಇಟ್ಟ ಮೇಲೆ ಅವರು ಗಡಿಯಾರ ನೋಡುತ್ತಿರಲಿಲ್ಲ. ಬೇರೆ ಕೆಲಸ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ತಲೆಯೆತ್ತಿ, "ಆಯ್ತು" ಎನ್ನುತ್ತಿದ್ದರು. ತೆಗೆದರೆ ಆಗಿರುತ್ತಿತ್ತು. ಮೂಗೇ ಅವರ ಗಡಿಯಾರ. ಒಂದು ಸುರುಳಿ ತಮ್ಮನ ಮನೆಗೆ, ಒಂದು ತಮಗೆ, ಒಂದು ತಟ್ಟೆಯಲ್ಲಿ ನಾಲ್ಕು ತುಂಡು ನನಗೆ.

ತಮ್ಮನ ಹೆಂಡತಿ ಮಾತ್ರ ಪ್ರತಿಸಲವೂ ಏನಾದರೊಂದು ಕೊರತೆ ಹೇಳುವವಳು. ಸಕ್ಕರೆ ಒಂದು ಗುಲಗಂಜಿ ಮುಂದೆ, ಅಂಚು ಸ್ವಲ್ಪ ಒಣಗಿದೆ, ಹೋದ ಸಲದ್ದು ಇನ್ನೂ ಮೆತ್ತಗಿತ್ತು. ಅತ್ತೆ ಸಿಡುಕುತ್ತಲೇ ಮನೆಗೆ ಬಂದು, ಮುಂದಿನ ಸಲ ಅದನ್ನು ಸರಿಪಡಿಸುತ್ತಿದ್ದರು. "ಅವಳ ನಾಲಿಗೆ ನೋಡು, ನೂಲು ಅಳೆಯೋ ಟೇಪು" ಎಂದು ನನ್ನ ಹತ್ತಿರ ಬೈದುಕೊಳ್ಳುತ್ತಿದ್ದರು.

ಅವರಿಗೆ ಅರವತ್ತಾರಾದ ವರ್ಷ ಒಂದು ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಎದ್ದು ಒಂದು ವಾರವಾಗಿರಬಹುದು, ಮಧ್ಯಾಹ್ನ ಅವರ ಮನೆಯಿಂದ ಹಾಲು ಸೀದ ವಾಸನೆ ಮೆಟ್ಟಿಲ ತುಂಬ ಹರಡಿತು. ನಾನು ಓಡಿಹೋಗಿ ಬಾಗಿಲು ಬಡಿದೆ. ಅತ್ತೆ ನೆಮ್ಮದಿಯಾಗಿ ಬಂದು ಬಾಗಿಲು ತೆಗೆದರು. ಅಡುಗೆಮನೆ ಹೊಗೆಯಲ್ಲಿ ಮುಳುಗಿತ್ತು, ಅವರು ಮುಂದಿನ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು ದಿಂಬಿನ ಗವಸು ಹೊಲಿಯುತ್ತ ಕೂತಿದ್ದರು. ಹೊಗೆ ನೋಡಿದ ಮೇಲೆ ಅವರ ಮುಖ ಸುಣ್ಣದಂತಾಯಿತು. ನೆಗಡಿ, ಮೂಗು ಕಟ್ಟಿದೆ ಎಂದರು. ನಾನೂ ಸರಿ ಎಂದು ಕಿಟಕಿ ತೆಗೆದುಕೊಟ್ಟು ಬಂದೆ.

ಮೂಗು ಕಟ್ಟಿರಲಿಲ್ಲ, ಹೋಗಿತ್ತು. ವೈದ್ಯರ ಹತ್ತಿರ ಒಬ್ಬರೇ ಹೋಗಿ ಬಂದಿದ್ದರು. ತಾನಾಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದಿದ್ದರಂತೆ ಅವರು. ನಾಲಿಗೆಗೆ ಸಿಹಿ, ಉಪ್ಪು, ಹುಳಿ ಇಷ್ಟು ತಿಳಿಯುತ್ತಿತ್ತು. ಉಳಿದಂತೆ ಏನು ಬಾಯಿಗಿಟ್ಟರೂ ಒದ್ದೆ ರಟ್ಟು. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವರೇ ಹೇಳಿದ ಮೇಲೆ. ಆಗ ಅವರು ಯಾರಿಗೂ ತುಟಿಪಿಟಕ್ಕೆನ್ನಲಿಲ್ಲ. ಅದಕ್ಕೆ ಕಾರಣವಿತ್ತು. ಒಬ್ಬರೇ ಗ್ಯಾಸು ಹಚ್ಚಿಕೊಂಡು ಇರುವುದು ಬೇಡ, ನಮ್ಮ ಮನೆಯ ಅಡುಗೆಮನೆ ಪಕ್ಕದ ಕೋಣೆಗೆ ಬಂದುಬಿಡಿ ಎಂದು ತಮ್ಮನ ಹೆಂಡತಿ ಆಗಲೇ ಎರಡು ವರ್ಷದಿಂದ ಹೇಳುತ್ತಿದ್ದಳು. ಆ ಕೋಣೆಯಲ್ಲಿ ಇಸ್ತ್ರಿ ಮೇಜು, ಹಳೆಯ ಸೂಟ್‌ಕೇಸುಗಳು, ಒಂದು ಗೇಣು ಕಿಟಕಿ. ಗ್ಯಾಸು ಸೋರಿದರೆ ತನಗೆ ತಿಳಿಯುವುದಿಲ್ಲ ಎಂದು ಬಾಯಿಬಿಟ್ಟರೆ, ಮರುದಿನವೇ ತನ್ನ ಮಂಚ ಆ ಸೂಟ್‌ಕೇಸುಗಳ ನಡುವೆ ಇರುತ್ತದೆ ಎಂದು ಅತ್ತೆಗೆ ಗೊತ್ತಿತ್ತು.

ಹಾಗಾಗಿ ಅವರು ಕಣ್ಣು, ಕೈಗಳಿಂದಲೇ ಮೂಗಿನ ಕೆಲಸ ಮಾಡಿಸತೊಡಗಿದರು. ಒಲೆ ಆರಿಸಿದ ಮೇಲೆ ಮೂರು ಸಲ ತಿರುಪು ಮುಟ್ಟಿ ನೋಡುವುದು, ಹಾಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದು, ಓವನ್ನಿಗೆ ಅಲಾರಂ ಇಡುವುದು. ಅಳತೆಯೆಲ್ಲ ಕೈಗೆ ಗೊತ್ತಿತ್ತು. ಸುರುಳಿ ಮೊದಲಿನಂತೆಯೇ ಹೊಂಬಣ್ಣಕ್ಕೆ ತಿರುಗಿ ಓವನ್ನಿನಿಂದ ಹೊರಗೆ ಬರುತ್ತಿತ್ತು. ನಿಭಾಯಿಸಿದೆ ಎಂದುಕೊಂಡರು.

ನಿಭಾಯಿಸಲಾಗದ್ದು ಅಕ್ರೋಟು. ಪರಿಚಯದ ಅಂಗಡಿಯವನು ವ್ಯಾಪಾರ ಮುಚ್ಚುವಾಗ ಒಂದು ಮೂಟೆ ಸುಲಿದ ಅಕ್ರೋಟು ಕೊಟ್ಟಿದ್ದ. ಅದನ್ನು ಎತ್ತರದ ಎರಡು ಡಬ್ಬಗಳಿಗೆ ತುಂಬಿ ಒಲೆಯ ಮೇಲಿನ ಹಲಗೆಯಲ್ಲಿಟ್ಟರು. ಕೆಳಗಿನ ಬಿಸಿ ತಾಗಿ ತಾಗಿ ಅದರ ಎಣ್ಣೆ ಕೆಟ್ಟಿತು. ಕಮಟು ಹಿಡಿದ ಕಾಳು ನೋಡುವುದಕ್ಕೆ ಒಳ್ಳೆಯ ಕಾಳಿನಂತೆಯೇ ಇರುತ್ತದೆ. ಮೂಗಿದ್ದವರಾದರೆ ಡಬ್ಬದ ಮುಚ್ಚಳ ತೆಗೆದೊಡನೆ ಮುಖ ತಿರುಗಿಸುತ್ತಿದ್ದರು. ಅತ್ತೆ ಅದನ್ನು ಪುಡಿ ಮಾಡಿ, ಹೂರಣ ಕಲಸಿ, ಅಂಚಿನವರೆಗೂ ಬಳಿದರು.

ನನಗೆ ಬಂದ ಮೊದಲ ತುಂಡು ಬಾಯಿಗಿಟ್ಟಾಗ ಹಳೆಯ ಬಣ್ಣದ ಡಬ್ಬಿ ನೆಕ್ಕಿದ ಹಾಗಾಯಿತು. ಉಗಿದು ಬಾಯಿ ಮುಕ್ಕಳಿಸಿದೆ. ಉಳಿದ ಮೂರು ತುಂಡನ್ನು ಟೆರೇಸಿನ ಪಾರಿವಾಳಗಳಿಗೆ ಹಾಕಿದೆ. ಅವೂ ಕುಕ್ಕಿ ನೋಡಿ ಬಿಟ್ಟುಹೋದವು. ಸಂಜೆ ಅತ್ತೆ ತಟ್ಟೆ ತೆಗೆದುಕೊಂಡು ಹೋಗಲು ಬಂದು, ಹೇಗಿತ್ತು ಎಂದು ಕೇಳಿದರು. ಆ ಸಲ ಅವರ ಕೇಳುವ ರೀತಿಯಲ್ಲಿ ಏನೋ ಅಂಜಿಕೆ ಇತ್ತು. ನಾನು, "ನಿಜವಾಗಿಯೂ ಚೆನ್ನಾಗಿತ್ತು ಅತ್ತೆ" ಎಂದೆ. ಒಂದು ಸಲದ ಮಾತು, ಮುಂದಿನ ಸಲ ಸರಿಹೋಗುತ್ತದೆ ಎಂದುಕೊಂಡೆ. ಮುಂದಿನ ಸಲವೂ ಅದೇ ಡಬ್ಬ, ಅದೇ ಕಮಟು. ಆದರೆ ಒಮ್ಮೆ ಚೆನ್ನಾಗಿದೆ ಎಂದ ಬಾಯಿಂದ ಈಗ ಚೆನ್ನಾಗಿಲ್ಲ ಎನ್ನುವುದು ಹೇಗೆ?

ತಮ್ಮನ ಮನೆಯಲ್ಲೂ ಹೀಗೇ ಆಗಿತ್ತು. ಒಂದು ದಿನ ಅವನ ಹೆಂಡತಿ ಮೆಟ್ಟಿಲ ಮೇಲೆ ಸಿಕ್ಕು ದನಿ ತಗ್ಗಿಸಿ, "ನೀವೂ ಏನೂ ಹೇಳೋಕೆ ಹೋಗ್ಬೇಡಿ. ವಯಸ್ಸಾಯ್ತು, ಕೈ ಹೋಯ್ತು. ಪಾಪ, ನೊಂದ್ಕೋತಾರೆ" ಎಂದಳು. ನಾನು ತಲೆಯಾಡಿಸಿದೆ. ಆಕೆ ಅಂದಿನಿಂದ ಒಂದೇ ಒಂದು ಕೊರತೆಯನ್ನೂ ಹೇಳಲಿಲ್ಲ. ಪ್ರತಿಸಲವೂ ಬಾಯಿ ತುಂಬ ಹೊಗಳಿಕೆ. ಅತ್ತೆ ಹಿಗ್ಗಿದರು. ಎಷ್ಟೋ ವರ್ಷಕ್ಕೆ ಆ ನಾಲಿಗೆಯನ್ನು ಗೆದ್ದೆ, ಅದೂ ಮೂಗಿಲ್ಲದೆ ಗೆದ್ದೆ ಎಂದು ಒಳಗೊಳಗೇ ಬೀಗಿದರಂತೆ. "ಅವಳು ಕೊಂಕು ನುಡಿಯೋದು ನಿಲ್ಲಿಸಿದಾಗಲೇ ನನಗೆ ತಿಳೀಬೇಕಿತ್ತು" ಎಂದು ಆಮೇಲೆ ನನ್ನೊಡನೆ ಹೇಳಿದರು.

ಎರಡು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ತಮ್ಮ ನಿವೃತ್ತನಾದ. ಕಚೇರಿಯವರು, ನೆಂಟರು ಸೇರಿ ನಲವತ್ತು ಜನಕ್ಕೆ ಬಾಡಿಗೆಯ ಸಭಾಂಗಣದಲ್ಲಿ ಮಧ್ಯಾಹ್ನದ ಊಟ. ಸಿಹಿ ನನ್ನದು ಎಂದರು ಅತ್ತೆ. ತಮ್ಮ ಬೇಡವೆಂದ, ಆಯಾಸವಾಗುತ್ತದೆ ಎಂದ, ಕೊನೆಗೆ ಅಡುಗೆಯವನಿಗೇ ಹೇಳಿಬಿಟ್ಟಿದ್ದೇನೆ ಎಂದ. ಅತ್ತೆ ಕೇಳಲಿಲ್ಲ. ಮೂರು ದಿನ ಮೇಜಿನ ಕಾಲು ಟಕಟಕ ಎಂದಿತು. ಹತ್ತು ಸುರುಳಿ. ಒಂದೊಂದನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ, ಗುಂಡಿ ಹೊಲಿಯುವ ದಪ್ಪ ದಾರದಿಂದ ಎರಡು ಕಡೆ ಕಟ್ಟಿದರು. ಕೈಬೆರಳಿನ ಗೆಣ್ಣುಗಳು ಊದಿದ್ದವು. ಸಭಾಂಗಣಕ್ಕೆ ಹೊರುವುದಕ್ಕೆ ನಾನೂ ನೆರವಾದೆ.

ಊಟದ ಕೊನೆಗೆ ತಟ್ಟೆಗಳಲ್ಲಿ ಸುರುಳಿಯ ತುಂಡುಗಳು ಬಂದವು. ನಾನು ಉಸಿರು ಬಿಗಿಹಿಡಿದು ಒಂದು ಚೂರು ಬಾಯಿಗಿಟ್ಟೆ. ಚೆನ್ನಾಗಿತ್ತು. ಒಂದು ಕ್ಷಣ ತಿಳಿಯದೆ ತಮ್ಮನ ಹೆಂಡತಿಯ ಕಡೆ ನೋಡಿದೆ. ಆಕೆ ಕಣ್ಣಲ್ಲೇ ಸುಮ್ಮನಿರಿ ಎಂದಳು. ಬೇಕರಿಯಿಂದ ತರಿಸಿದ್ದರು.

ಅದೇ ಹೊತ್ತಿಗೆ ಅತ್ತೆ ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋಗಿದ್ದರು. ನಲ್ಲಿಯ ಪಕ್ಕ ಎರಡು ಕಸದ ಡ್ರಮ್ಮು. ಒಂದರಲ್ಲಿ, ಅನ್ನದ ಮೇಲೆ, ಬೆಣ್ಣೆಕಾಗದದ ಹತ್ತು ಪೊಟ್ಟಣ. ಬಿಚ್ಚಿಯೂ ಇರಲಿಲ್ಲ. ಎರಡೆರಡು ಕಡೆ ದಾರದ ಗಂಟು. ಮೊದಲಿಗೆ ಅವರಿಗೆ ಏನೂ ಹೊಳೆಯಲಿಲ್ಲವಂತೆ. ಅಯ್ಯೋ, ಅಡುಗೆಯವರು ತಪ್ಪಿ ಎಸೆದರಲ್ಲ ಎಂದು ಎರಡು ಪೊಟ್ಟಣ ಎತ್ತಿಯೂ ಬಿಟ್ಟರಂತೆ. ಆಮೇಲೆ, ಹಾಗಾದರೆ ಒಳಗೆ ಜನ ತಿನ್ನುತ್ತಿರುವುದೇನು ಎನ್ನಿಸಿತು. ಪೊಟ್ಟಣಗಳನ್ನು ಇದ್ದಲ್ಲೇ ಇಟ್ಟು, ಕೈ ತೊಳೆದು ಒಳಗೆ ಬಂದರು. ತನ್ನ ತಟ್ಟೆಯ ತುಂಡನ್ನು ನೋಡಿದರು. ಎಲ್ಲ ತುಂಡೂ ಒಂದೇ ಅಳತೆ, ಅಚ್ಚಿನಿಂದ ಬಿದ್ದಂತೆ. ಬಾಯಿಗೆ ಹಾಕಿಕೊಂಡರು. ಸಿಹಿ, ಒದ್ದೆ ರಟ್ಟು. ತಾನು ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಎಷ್ಟು ಅಗಿದರೂ ತಿಳಿಯಲಿಲ್ಲ.

ಆಗ ತಮ್ಮ ಎದ್ದು ನಿಂತು ಮಾತಾಡಿದ. ನೀವೆಲ್ಲ ತಿನ್ನುತ್ತಿರುವುದು ನನ್ನ ಅಕ್ಕನ ಕೈಯಿಂದ ಬಂದದ್ದು, ಈ ಕೈಯೇ ನನ್ನನ್ನು ಸಾಕಿದ್ದು ಎಂದ. ಸಾಕಿದ ಮಾತು ಸುಳ್ಳಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಎದ್ದು ನಿಂತು ನಕ್ಕರು. ಕಚೇರಿಯ ಹಿರಿಯರೊಬ್ಬರು ಹತ್ತಿರ ಬಂದು, ಇಂಥದ್ದನ್ನು ಜನ್ಮದಲ್ಲಿ ತಿಂದಿಲ್ಲ, ಇದಕ್ಕೆ ಏನೇನು ಹಾಕುತ್ತೀರಿ ಎಂದು ಕೇಳಿದರು. ಅತ್ತೆ ನಿಧಾನವಾಗಿ, ಒಂದೂ ಬಿಡದೆ, ಹಾಲಿನಿಂದ ನಿಂಬೆಸಿಪ್ಪೆಯವರೆಗೂ ಹೇಳಿದರು.

ಮನೆಗೆ ಬರುವಾಗ ಮೆಟ್ಟಿಲನ್ನು ನಿಂತು ನಿಂತು ಹತ್ತಿದರು. ಆಯಾಸ ಎಂದುಕೊಂಡೆ.

ಮುಂದಿನ ಭಾನುವಾರ ಮೇಜಿನ ಕಾಲು ಮತ್ತೆ ಸದ್ದು ಮಾಡಿತು. ಅದರ ಮುಂದಿನ ಭಾನುವಾರವೂ. ತಿಂಗಳಿಗೊಮ್ಮೆ ಮಾಡುತ್ತಿದ್ದವರು ವಾರವಾರ ಮಾಡತೊಡಗಿದರು, ಅದೇ ಡಬ್ಬದ ಅಕ್ರೋಟಿನಿಂದ. ಮೊದಲು ಪೊಟ್ಟಣ ಕೊಟ್ಟು ಬರುತ್ತಿದ್ದವರು, ಈಗ ಬಿಸಿಬಿಸಿ ತೆಗೆದುಕೊಂಡು ಹೋಗಿ, ತಾವೇ ಚಾಕು ಕೇಳಿ ಪಡೆದು, ದಪ್ಪ ದಪ್ಪ ತುಂಡು ಮಾಡಿ, ಇಬ್ಬರ ಮುಂದೆಯೂ ಇಟ್ಟು ಎದುರಿಗೆ ಕೂರುತ್ತಿದ್ದರು. ಆಮೇಲೆ ತಿನ್ನುತ್ತೇವೆ ಎಂದರೆ, ಆರಿದರೆ ಚೆನ್ನಾಗಿರುವುದಿಲ್ಲ ಎನ್ನುತ್ತಿದ್ದರು. ಹಸಿವಿಲ್ಲ ಎಂದರೆ, ಅಷ್ಟು ಚೂರಿಗೆ ಹಸಿವು ಯಾಕೆ ಎನ್ನುತ್ತಿದ್ದರು. ಗಂಡ ಹೆಂಡತಿ ಉಗುಳಲೂ ಆರದೆ ನುಂಗಲೂ ಆರದೆ, ನೀರು ಕುಡಿಕುಡಿದು ಇಳಿಸುತ್ತಿದ್ದರು. ಅತ್ತೆ ಅವರ ಗಂಟಲನ್ನೇ ನೋಡುತ್ತಿದ್ದರು. ತಟ್ಟೆಯ ಪುಡಿ ಕೂಡ ಉಳಿಯಗೊಡುತ್ತಿರಲಿಲ್ಲ. ಆ ಹೊತ್ತು ತನಗೆ ಎಷ್ಟು ಖುಷಿಯಾಗುತ್ತಿತ್ತು ಎಂದು ಅವರೇ ನನಗೆ ಹೇಳಿದ್ದಾರೆ, ಮುಚ್ಚುಮರೆ ಇಲ್ಲದೆ. ಮನೆಗೆ ಬಂದ ಮೇಲೆ ಮಾತ್ರ ಏನೂ ಬೇಡವೆನಿಸಿ ದೀಪ ಕೂಡ ಹಚ್ಚದೆ ಮಲಗುತ್ತಿದ್ದರಂತೆ.

ನನಗೂ ಆಗ ವಾರವಾರ ನಾಲ್ಕು ತುಂಡು ಬಂತು. ನನ್ನ ಎದುರು ಮಾತ್ರ ಕೂರಲಿಲ್ಲ.

ಐದನೆಯ ಭಾನುವಾರ ಗಿಣಿ ಊರಿಗೆ ಬಂದಿದ್ದಳು. ಬೇರೆ ಊರಿನ ಔಷಧದಂಗಡಿಯಲ್ಲಿ ಕೆಲಸ ಅವಳಿಗೆ, ಮೂರು ತಿಂಗಳಿಗೊಮ್ಮೆ ಬರುವವಳು. ಅವಳ ಮುಂದೆಯೂ ತುಂಡು ಬಂತು. ಅವಳು ಒಂದು ಸಲ ಕಚ್ಚಿದಳು, ಅಮ್ಮನ ಮುಖ ನೋಡಿದಳು, ಅಪ್ಪ ನೀರಿನ ಲೋಟಕ್ಕೆ ಕೈ ಹಾಕಿದ್ದನ್ನು ನೋಡಿದಳು. ಬಾಯಲ್ಲಿದ್ದುದನ್ನು ಕೈಗೆ ತೆಗೆದು ತಟ್ಟೆಯಲ್ಲಿಟ್ಟಳು.

"ಅತ್ತೆ, ಇದು ಕಮಟು. ಎರಡು ವರ್ಷದಿಂದ ಕಮಟು."

ತಮ್ಮ ಮಗಳನ್ನು ಗದರಿದ. ಅತ್ತೆ ಕೈ ಎತ್ತಿ ಅವನನ್ನು ತಡೆದರು.

"ನನಗೆ ಗೊತ್ತು" ಎಂದರು. "ನಿಮ್ಮಪ್ಪನ ಊಟದ ದಿನ ಡ್ರಮ್ಮಿನಲ್ಲಿ ನೋಡ್ದೆ."

ಮೊದಲು ಚೇತರಿಸಿಕೊಂಡವಳು ತಮ್ಮನ ಹೆಂಡತಿ. ಐದು ವಾರದ ಲೆಕ್ಕ ಅವಳಿಗೆ ಆಗ ಹೊಳೆಯಿತು.

"ಅಂದ್ರೆ ಅತ್ತಿಗೆ, ಗೊತ್ತಿದ್ದೂ ನಮಗೆ ತಿನ್ನಿಸಿದ್ರಾ?"

"ಗೊತ್ತಿದ್ದೂ ತಿಂದ್ರಲ್ಲ ನೀವು."

"ನಿಮಗೆ ಬೇಜಾರಾಗ್ಬಾರ್ದು ಅಂತ ಅಕ್ಕ" ಎಂದ ತಮ್ಮ. ಬೇಕರಿಗೆ ಹೇಳಿದ್ದು ಯಾರು ಎಂದು ಅತ್ತೆ ಕೇಳಿದರು. ಅವನು ತಲೆ ತಗ್ಗಿಸಿ, ನಾನೇ ಎಂದ. ಹೆಂಡತಿಯ ಕೆಲಸವಿರಬೇಕು ಎಂದು ಅತ್ತೆ ಐದು ವಾರ ಅಂದುಕೊಂಡಿದ್ದರು. ಹಾಗೆ ಅಂದುಕೊಂಡಿದ್ದರಿಂದಲೇ ಆ ಐದು ವಾರ ತಡೆದುಕೊಳ್ಳಲು ಆಗಿತ್ತು.

ಕಮಟಾದದ್ದು ತಿನ್ನುವಾಗ ನಿಮಗೆ ತಿಳಿಯಲಿಲ್ಲವೇ ಎಂದು ಗಿಣಿ ಕೇಳಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅತ್ತೆ ಮೂಗಿನ ವಿಷಯ ಹೇಳಿದರು. ಹೇಳಿ ಮುಗಿಸುವ ಮೊದಲೇ ತಮ್ಮನ ಹೆಂಡತಿ ಗ್ಯಾಸಿನ ಮಾತು ತೆಗೆದಳು. ಇಡೀ ಕಟ್ಟಡ ಉರಿದುಹೋಗುತ್ತಿತ್ತು, ಎರಡು ವರ್ಷ ನಮ್ಮನ್ನು ಕತ್ತಲಲ್ಲಿಟ್ಟಿರಿ, ನಾವು ಒಂದು ಸುಳ್ಳು ಹೇಳಿದರೆ ನೀವು ಹೇಳಿದ್ದು ಅದಕ್ಕಿಂತ ದೊಡ್ಡದು ಎಂದಳು. ಅದರಲ್ಲಿ ತಪ್ಪಿರಲಿಲ್ಲ. ಸುರುಳಿಯ ಮಾತು ಅಲ್ಲಿಗೇ ನಿಂತು, ಇಸ್ತ್ರಿ ಮೇಜನ್ನು ಎಲ್ಲಿಡುವುದು ಎಂಬ ಮಾತು ಶುರುವಾಯಿತು.

ಕೋಣೆಗೆ ಹೋಗುವುದು ತಪ್ಪಿದ್ದು ಗಿಣಿಯಿಂದ. ಅಪ್ಪ ಅಮ್ಮನ ಜೊತೆ ಎರಡು ದಿನ ಜಗಳವಾಡಿ, ಗ್ಯಾಸು ತೆಗೆಸಿ ಕರೆಂಟಿನ ಒಲೆ ಹಾಕಿಸಿದಳು, ಹೊಗೆ ಬಂದರೆ ಕೂಗುವ ಯಂತ್ರವನ್ನು ಚಾವಣಿಗೆ ಕೂರಿಸಿದಳು. ಓವನ್ ಮೊದಲಿಂದಲೂ ಕರೆಂಟಿನದೇ, ಅದು ಉಳಿಯಿತು. ಡಬ್ಬದ ಅಕ್ರೋಟನ್ನೆಲ್ಲ ಕೆಳಗೆ ಒಯ್ದು ಸುರಿದು, ಹೊಸದನ್ನು ತಂದಳು. ಊರಿಗೆ ಹೊರಡುವ ದಿನ, ಬನ್ನಿ ಅತ್ತೆ, ನಾನು ಮೂಸಿ ಹೇಳ್ತೀನಿ, ನೀವು ಮಾಡಿ ಎಂದಳು. ನನ್ನನ್ನೂ ಕರೆದರು.

ಅತ್ತೆ ನಾದಿದರು, ಲಟ್ಟಿಸಿದರು, ಬಳಿದರು. ಬಟ್ಟೆ ಎತ್ತಿದಾಗ ಸುರುಳಿ ಮೊದಲಿನ ಹಾಗೇ ಸುತ್ತಿಕೊಂಡು ಬಂತು. ಗಿಣಿ ಓವನ್ನಿನ ಮುಂದೆ ನಿಂತು, ಈಗ ಬೆಣ್ಣೆ ವಾಸನೆ, ಈಗ ಚಕ್ಕೆ, ಈಗ ಕಂದು ಬಣ್ಣಕ್ಕೆ ಬರುತ್ತಿದೆ ಎಂದು ಒಂದೊಂದೇ ಹೇಳುತ್ತಿದ್ದಳು. ತೆಗೆದು, ಆರಿಸಿ, ಕತ್ತರಿಸಿ ತಿಂದಳು. ಕೇಳದೆಯೇ ಎರಡನೆಯ ತುಂಡು ತೆಗೆದುಕೊಂಡಳು. ತುಂಬ ಚೆನ್ನಾಗಿದೆ ಎಂದಳು. ಅತ್ತೆ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ನನ್ನ ಮುಖವನ್ನೂ ನೋಡಿದರು. ನಾಲ್ಕು ತುಂಡು ಕಟ್ಟಿಸಿಕೊಂಡು ಗಿಣಿ ಬಸ್ಸಿಗೆ ಹೊರಟಳು.

ಅವಳು ಇಳಿದುಹೋದ ಮೇಲೆ ಅತ್ತೆ ಕಿಟಕಿಯ ಹತ್ತಿರ ಹೋಗಿ ನಿಂತರು. ನಾನೂ ಪಕ್ಕ ನಿಂತೆ. ಬೀದಿಯ ತುದಿಯಲ್ಲಿ ಕಸದ ತೊಟ್ಟಿ ಇತ್ತು. ಗಿಣಿ ಚೀಲ ಹಿಡಿದು ಅದನ್ನು ದಾಟಿ ತಿರುವಿನಲ್ಲಿ ಮರೆಯಾದಳು. ಅತ್ತೆ ಉಸಿರು ಬಿಟ್ಟರು. ಆಮೇಲೆ, "ಬಸ್ ನಿಲ್ದಾಣದಲ್ಲೂ ಒಂದು ತೊಟ್ಟಿ ಇದೆ" ಎಂದರು.

"ಅತ್ತೆ, ಆಣೆಗೂ ಚೆನ್ನಾಗಿದೆ. ನಿಜವಾಗಿಯೂ" ಎಂದೆ ನಾನು.

"ಆಗಲೂ ನಿಜವಾಗಿಯೂ ಅಂತಲೇ ಹೇಳಿದ್ದೆ ನೀನು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಏನಾದರೂ ಹೇಳಬಹುದಿತ್ತು. ಮೇಜಿನ ಮೇಲಿನ ಹಿಟ್ಟನ್ನು ಒರೆಸಿ, ಬಿಳಿಬಟ್ಟೆಯನ್ನು ಒಗೆಯಲು ನೆನೆಹಾಕಿದರು.

ಅದೇ ಕೊನೆ. ಓವನ್ನನ್ನು ಅವರು ಮೊದಲ ಮಹಡಿಗೆ ಹೊಸದಾಗಿ ಬಂದ ಬಡಗಿಯ ಹೆಂಡತಿಗೆ ಕೊಟ್ಟುಬಿಟ್ಟರು. ಆಮೇಲೆ ಮೂರು ವರ್ಷ ಇದ್ದರು. ತಮ್ಮ ಭಾನುವಾರ ಬಂದು ಅರ್ಧ ಗಂಟೆ ಕೂತು ಹೋಗುತ್ತಿದ್ದ. ಬರಿಗೈಯಲ್ಲಿ ಬರಬಾರದೆಂದು ಬಾಳೆಹಣ್ಣು ತರುತ್ತಿದ್ದ. ಅವನ ಹೆಂಡತಿ ತಿಂಗಳಿಗೊಮ್ಮೆ ಬಂದರೆ ಬಂದಳು. ನಾನು ಏನಾದರೂ ಮಾಡಿದಾಗ ಅವರಿಗೊಂದು ತಟ್ಟೆ ಕೊಡುತ್ತಿದ್ದೆ. ಅವರು ತಟ್ಟೆ ತೊಳೆದು ವಾಪಸು ತಂದುಕೊಡುತ್ತಿದ್ದರು. ಹೇಗಿತ್ತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.